ಕಾಲು ಮುಂದಾಗಿ ಹುಟ್ಟಿದವಳು

ಅಯ್ಯಯ್ಯೋ, ಅಲ್ಲಾಡ್ಬೇಡ ಕಣೋ ನಲ್ಲ, ಅಲ್ಲಾಡ್ಬೇಡ! ಟ್ಯೂಬ್ ಕಿತ್ಕೊಂಡ್ರೆ ಆ ಡಾಕ್ಟ್ರಮ್ಮ ನನ್ನ ವಾರ್ಡಿಂದಲೇ ಆಚೆ ಹಾಕ್ತಾರೆ. ನಿಧಾನ... ಹಾಂ, ಅಂಗೆ. ದಿಂಬಿಗೆ ಒರಗ್ಕೋ. ಮಾತಾಡ್ಬೇಡ. ಮಾತಾಡ್ಬಾರ್ದು ಅಂತ ಹೇಳವ್ರೆ, ನೆನಪೈತಲ್ಲ? ಎದೆ ಒಳಗೆ ಸೇರ್ಕೊಂಡಿರೋ ಗಾಳಿ ಆಚೆ ಬರೋವರ್ಗೂ ಉಸಿರು ಬಿಗಿ ಹಿಡೀಬಾರ್ದು, ಕೂಗ್ಬಾರ್ದು, ಮಾತಂತೂ ಬೇಡ್ವೇ ಬೇಡ. ನಾನು ಮಾತಾಡ್ತೀನಿ. ನೀನು ಕೇಳ್ಸ್ಕೋ ಸಾಕು.

ಎಲ್ಲಿಗೆ ಬಂದಿದ್ದೆ ನಾನು? ಹಾಂ, ಪೊಲೀಸ್ನೋರು. ನಾಲ್ಕು ಗಂಟೆ ಮೇಲೆ ಬರ್ತಾರಂತೆ. ಒಬ್ರೇ ಬರೋದು, ಹೆಡ್ ಕಾನ್‌ಸ್ಟೇಬಲ್ಲು. ಹೆದರ್ಕೋಬೇಡ. ಅವ್ರು ಕೇಳೋದು ಒಂದೇ ಮಾತು. ಮಾತ್ರೆ ಕೊಟ್ಟೋನು ಯಾರಪ್ಪಾ, ಮುನಿಯಣ್ಣನಾ? ಅಷ್ಟೇ. ನೀನು ಬಾಯಿ ಬಿಡೋದೇ ಬೇಡ. ತಲೆ ಇಂಗೆ... ಇಂಗೆ ಒಂದು ಸಲ ಅಲ್ಲಾಡ್ಸು. ಮುಗೀತು. ಅವ್ರು ಬರ್ಕೊಂಡು ಹೊಂಟೋಗ್ತಾರೆ. ನಾವೂ ಗಾಯ ಮಾಗಿದ ಮೇಲೆ ನಾಗಸಂದ್ರಕ್ಕೆ ಹೋಗೋದು, ಅವ್ವ ಮಾಡಿಟ್ಟಿರೋ ಮುದ್ದೆ ಉಣ್ಣೋದು.

ಯಾಕೋ ಅಂಗೆ ನೋಡ್ತೀಯ?

ಮುನಿಯಣ್ಣ ನಿನ್ನ ಗೆಣೆಕಾರ, ಗೊತ್ತು ಕಣೋ. ಚಡ್ಡಿ ಹಾಕೋ ಕಾಲದಿಂದ ಒಟ್ಟಿಗೆ ಬೆಳೆದೋರು. ಈಗ ನಿಮ್ಮ ಕಬಡ್ಡಿ ಟೀಮಿಗೆ ಅವನೇ ಕ್ಯಾಪ್ಟನ್ನು. ನಾನೇನು ಅವನು ಕೆಟ್ಟೋನು ಅಂದ್ನಾ? ಪೀಣ್ಯದಲ್ಲಿ ಲೇಥ್ ಮೇಲೆ ಕೆಲ್ಸ ಮಾಡೋ ಹುಡುಗ, ಕೈ ತುಂಬ ಎಣ್ಣೆ ಮಸಿ, ಬಾಯಿ ತುಂಬ ನಗು. ಆದ್ರೆ ಈ ಹುಡುಗ್ರ ಸಹವಾಸ... ಅಲ್ಲ, ಅವನೇ ಕೊಟ್ಟಿರ್ಬಹುದಲ್ಲ? ಯಾರು ಕಂಡ್ರು? ಲಾರಿ ಡ್ರೈವರುಗಳು ನಿದ್ದೆ ಬರ್ದಂಗೆ ಏನೇನೋ ನುಂಗ್ತಾರಂತೆ, ತುಮಕೂರು ರೋಡಲ್ಲಿ ಅವ್ರು ಟೀ ಕುಡಿಯೋ ಅಂಗಡೀಲೇ ಇವನೂ ಟೀ ಕುಡಿಯೋದು. ಸಿಕ್ಕಿರುತ್ತೆ. ಯಾರೋ ಕೊಟ್ಟಿರ್ತಾರೆ, ಇವನು ನಿಂಗೆ ಕೊಟ್ಟವ್ನೆ. ಅಂಗೇ ಆಗಿರುತ್ತೆ.

ನಗ್ತಿದ್ದೀಯಾ? ಯಾಕೋ ನಗ್ತೀಯ? ನಗ್ಬೇಡ, ಎದೆ ನೋವಾಗುತ್ತೆ.

ಸ್ಟೇಷನ್ನಲ್ಲಿ ಅವನ್ನ ಹೊಡೆದವ್ರಂತೆ. ಜಾಸ್ತಿ ಏನಿಲ್ಲ. ಅಂಗಂತ ಲಕ್ಷ್ಮಣಪ್ಪ ಮಾವ ಹೇಳ್ದ. ಮಾವನೇ ಅಲ್ವಾ ಅವನ ಕುತ್ತಿಗೆಪಟ್ಟಿ ಹಿಡ್ಕೊಂಡು ಕರ್ಕೊಂಡು ಹೋಗಿದ್ದು. ಅವನು ಒಂದೇ ಮಾತು ಹೇಳ್ತಿದ್ನಂತೆ, ನಂಗೊತ್ತಿಲ್ಲ, ನಲ್ಲನ್ನ ಕೇಳಿ, ನಲ್ಲ ಹೇಳ್ಳಿ ಅಂತ. ಅದಕ್ಕೇ ಬರ್ತಿರೋದು ಪೊಲೀಸ್ನೋರು. ನೀನು ಹೇಳ್ದಂಗೆ ಆಗುತ್ತೆ. ನೀನು ಹೂಂ ಅಂದ್ರೆ ಹೂಂ. ಉಹೂಂ ಅಂದ್ರೆ... ಯಾಕೆ ಉಹೂಂ ಅಂತೀಯ. ಅನ್ನಲ್ಲ.

ಟ್ಯೂಬ್ ತುದೀಲಿರೋ ಈ ಬಾಟ್ಲಿ ನೋಡು, ಬುಳುಬುಳು ಅಂತ ಗುಳ್ಳೆ ಏಳ್ತಾನೇ ಐತೆ. ಮೊನ್ನೆಯಿಂದ ಇದನ್ನೇ ನೋಡ್ತಾ ಕೂತಿದ್ದೀನಿ. ನೀನು ಉಸಿರು ಬಿಟ್ರೆ ಗುಳ್ಳೆ, ಎಳ್ಕೊಂಡ್ರೆ ಸುಮ್ನೆ. ಗುಳ್ಳೆ ನಿಂತ್ರೆ ಒಳಗಿನ ತೂತು ಮುಚ್ಕೊಂಡಂಗೆ ಅಂತ ಡಾಕ್ಟ್ರಮ್ಮ ಹೇಳಿದ್ರು. ಆಮೇಲೆ ಟ್ಯೂಬ್ ತೆಗೀತಾರಂತೆ.

ನಂಗೆ ಏನೂ ಅನ್ನಿಸ್ತಿಲ್ಲ ಕಣೋ. ಅಳೂನೂ ಬರ್ತಿಲ್ಲ. ಅವ್ವ ಎದೆ ಎದೆ ಬಡ್ಕೊಂಡು ಅತ್ಲು, ನಾನು ಪಕ್ಕದಲ್ಲಿ ನಿಂತ್ಕೊಂಡು ಸೀರೆ ನೆರಿಗೆ ಸರಿ ಮಾಡ್ಕೋತಿದ್ದೆ. ಏನವ್ವಾ ಅಂಜಿನಿ, ನಿನ್ ತಮ್ಮ ಕಣೇ, ಕಲ್ಲಾಗೋದ್ಯಾ ಅಂದ್ಲು. ಕಲ್ಲಲ್ಲ. ಏನೋ... ಹಲ್ಲು ಕೀಳೋವಾಗ ಸೂಜಿ ಹಾಕ್ತಾರಲ್ಲ, ದವಡೆ ಇದ್ದೂ ಇಲ್ದಂಗೆ ಆಗುತ್ತಲ್ಲ, ಅಂಗೆ. ಮೈಯೆಲ್ಲ ಅಂಗೆ.

ಕಿತ್ಲೆಹಣ್ಣು ಸುಲಿದು ಕೊಡ್ಲಾ? ಬೇಡ್ವಾ. ನಂಗೂ ಬೇಡ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹಸಿವೇ ಇಲ್ಲ. ನೀರು ಮಾತ್ರ, ಎಷ್ಟು ಕುಡಿದ್ರೂ ನಾಲಿಗೆ ಒಣಗುತ್ತೆ. ಆಸ್ಪತ್ರೆ ಗಾಳಿ ಇರ್ಬೇಕು. ಈ ಫಿನೈಲ್ ವಾಸನೆ.

ನನ್ ಕೈ ಯಾಕೆ ನೋಡ್ತಿದ್ದೀಯ? ನಡುಗ್ತಿಲ್ಲ ಬಿಡೋ. ನಿದ್ದೆಗೆಟ್ಟಿದ್ದೀನಿ, ಅದಕ್ಕೆ.

ಆಟ ಚೆನ್ನಾಗಿ ಆಡ್ದೆ ಕಣೋ ಭಾನುವಾರ. ಅದನ್ನ ಹೇಳ್ಬೇಕು. ಜಾಲಹಳ್ಳಿ ಗ್ರೌಂಡಲ್ಲಿ ಅಷ್ಟು ಜನ, ಫ್ಯಾಕ್ಟ್ರಿ ಕ್ವಾರ್ಟರ್ಸಿನ ಹೆಂಗಸ್ರೆಲ್ಲ ಕಾಂಪೌಂಡ್ ಮೇಲೆ ಕೂತಿದ್ರು. ಅವ್ರ ಹುಡುಗ್ರಿಗೆ ಕ್ಯಾನ್ವಾಸ್ ಶೂಸು, ನಂಬರ್ ಹಾಕಿದ್ ಬನೀನು. ನಿಮಗೆ ಬರಿಗಾಲು. ನೀನು ಗೆರೆ ದಾಟಿ ಕಬಡ್ಡಿ ಕಬಡ್ಡಿ ಅಂತ ಹೋದ್ರೆ ದಮ್ಮೇ ಮುಗೀತಿರ್ಲಿಲ್ಲ. ಅಷ್ಟುದ್ದ ದಮ್ಮು! ನಾಲ್ಕು ಜನ ಮೇಲೆ ಬಿದ್ರು, ಕಾಲು ಹಿಡ್ಕೊಂಡ್ರು, ಸೊಂಟ ಹಿಡ್ಕೊಂಡ್ರು, ನೀನು ನೆಲದ ಮೇಲೆ ತೆವಳ್ಕೊಂಡೇ ಕಬಡ್ಡಿ ಕಬಡ್ಡಿ ಅಂತಿದ್ದೆ. ಮುಖ ಕೆಂಪಗೆ... ಕತ್ತಿನ ನರ ಎಲ್ಲ ಎದ್ದು... ಉಸಿರು ಬಿಡೋ ಅಂತ ನಾನು ಕೂಗ್ದೆ. ಕೇಳ್ಸಿತ್ತಾ? ಬಿಡೋ ನಲ್ಲ, ಪಾಯಿಂಟ್ ಹೋದ್ರೆ ಹೋಗ್ಲಿ ಅಂತ. ಗಲಾಟೇಲಿ ಎಲ್ಲಿ ಕೇಳ್ಸುತ್ತೆ.

ಬೆರಳ ತುದಿ ಗೆರೆ ಮುಟ್ತು. ಎಲ್ರೂ ಹೋ ಅಂದ್ರು. ನೀನು ಎದ್ದು ನಿಂತೆ, ಎದೆ ಮೇಲೆ ಕೈ ಇಟ್ಕೊಂಡೆ, ಕೂತ್ಕೊಂಡ್ಬಿಟ್ಟೆ.

ಜನ ಏನಂದ್ರು? ಹಿಡ್ಕೊಂಡೈತೆ ಅಂದ್ರು. ಉಳುಕು ಅಂದ್ರು. ನಾಲ್ಕು ಜನ ಮೇಲೆ ಬಿದ್ರೆ ಉಳುಕದೇ ಇರುತ್ತಾ? ಉಳುಕು ಅಂದ್ಮೇಲೆ ಯಾರ್ನ ಕರೀತಾರೆ? ಅಂಜಿನಮ್ಮ ಎಲ್ಲಿ, ಅಂಜಿನಮ್ಮನ್ನ ಕರೀರಿ. ಅಕ್ಕ ಇಲ್ಲೇ ಅವ್ಳೆ, ಇನ್ನೇನು ಯೋಚ್ನೆ ಅಂದ್ರು. ನನ್ನ ತಳ್ಕೊಂಡು ಬಂದು ನಿನ್ನ ಬೆನ್ನ ಹಿಂದೆ ನಿಲ್ಸಿದ್ರು.

ನಾನು ಅವ್ವನ ಹೊಟ್ಟೆಯಿಂದ ಕಾಲು ಮುಂದಾಗಿ ಬಂದೋಳು. ಅಂಥೋರು ಒದ್ರೆ ಉಳುಕು ಬಿಡುತ್ತಂತೆ, ಅದೊಂದಕ್ಕೆ ನಂಗೆ ಊರಲ್ಲಿ ಮರ್ಯಾದೆ. ಕಾಲು ಮುಂದಾಗಿ ಹುಟ್ಟಿದ ಹುಡುಗಿ ಬೇಡ ಅಂತ ಬಂದ ಸಂಬಂಧ ಎಲ್ಲ ತಪ್ಪಿ ಹೋದ್ವು, ಆದ್ರೆ ಸೊಂಟ ಹಿಡ್ಕೊಂಡ್ರೆ ಎಲ್ರಿಗೂ ಈ ಕಾಲೇ ಬೇಕು. ದಾಸರಹಳ್ಳಿಯಿಂದ ಬರ್ತಾರೆ, ಚೊಕ್ಕಸಂದ್ರದಿಂದ ಬರ್ತಾರೆ. ಬೆಳಿಗ್ಗೆ ಮುಖ ತೊಳೆಯೋಕೂ ಬಿಡಲ್ಲ, ಬಾಗಿಲಲ್ಲಿ ನಿಂತಿರ್ತಾರೆ. ಗೋಡೆಗೆ ಕೈ ಕೊಟ್ಟು ನಿಂತ್ಕೋತಾರೆ, ನಾನು ಎಡಗಾಲಲ್ಲಿ ಮೆಲ್ಲಗೆ ಒದೀತೀನಿ. ಒಂದು, ಎರಡು, ಮೂರು. ನೆಟ್ಟಗೆ ನಡ್ಕೊಂಡು ಹೋಗ್ತಾರೆ. ನಮ್ಮ ಕಂಪ್ನಿ ಸೂಪರ್‌ವೈಸರ್ರೇ ಬಂದಿದ್ದ, ಪ್ಯಾಂಟು ಶರ್ಟು ಹಾಕ್ಕೊಂಡು, ಯಾರಿಗೂ ಹೇಳ್ಬೇಡಮ್ಮ ಅಂತ. ಅವನಿಗೆ ಸ್ವಲ್ಪ ಜೋರಾಗೇ ಕೊಟ್ಟೆ. ಹೆಹ್.

ನಗ್ಬೇಡ ಅಂದ್ನಲ್ಲ. ಆಯ್ತು, ನಗ್ತಿಲ್ಲ ನೀನು. ನಂಗೇ ಅಂಗೆ ಕಾಣ್ತು.

ಅಲ್ಲಿ, ಗ್ರೌಂಡಲ್ಲೂ... ಒದ್ದೆ. ಎಲ್ರೂ ಒದಿಯಮ್ಮ ಒದಿಯಮ್ಮ ಅಂತಿದ್ರು. ಒಂದ್ಸಲ ಒದ್ದೆ, ನೀನು ಹಾ ಅಂದೆ. ಬಿಡ್ತಾ ಐತೆ, ಇನ್ನೊಂದು ಅಂದ್ರು. ಮೂರನೇ ಸಲಕ್ಕೆ ನೀನು ಮುಂದಕ್ಕೆ ಮಗುಚ್ಕೊಂಡೆ. ತಿರುಗ್ಸಿ ನೋಡಿದ್ರೆ ಕುತ್ತಿಗೆ ಊದ್ತಾ ಐತೆ. ಕಣ್ಣೆದುರಿಗೇ ಊದ್ತಾ ಐತೆ. ನಾನು ಮುಟ್ಟಿದೆ... ಚರ್ಮದ ಕೆಳಗೆ ಚರಚರ ಅಂತು. ಕಡ್ಲೆಪುರಿ ಮೂಟೆ ಒತ್ತಿದಂಗೆ. ಅದನ್ನ ಮುಟ್ಟಿದ ಬೆರಳು ಇನ್ನೂ ಅಂಗೇ ಐತೆ ಕಣೋ, ಸೋಪು ಹಾಕಿ ತೊಳೆದ್ರೂ ಆ ಚರಚರ ಹೋಗ್ತಿಲ್ಲ.

ಸಾಕಕ್ಕಾ, ಕಾಲು ತೆಗೀರಿ, ಇದು ಉಳುಕಲ್ಲ ಅಂತ ಕಿರುಚಿದೋನು ಮುನಿಯಣ್ಣ. ಹೂಂ, ಅವನೇ. ನಿನ್ನ ಹೆಗಲ ಮೇಲೆ ಹಾಕ್ಕೊಂಡು ರೋಡಿಗೆ ಓಡಿದೋನೂ ಅವನೇ. ಟೆಂಪೋಗೆ ಅಡ್ಡ ನಿಂತು ನಿಲ್ಸಿದ. ಅದೆಲ್ಲ ನಿಜ. ನಾನೇನು ಇಲ್ಲ ಅಂತಿಲ್ಲ. ಒಳ್ಳೇದು ಮಾಡಿದ, ಅದು ಬೇರೆ. ಮಾತ್ರೆ ಬೇರೆ.

ಮುಖ ಯಾಕೋ ತಿರುಗ್ಸ್ತೀಯ? ಈ ಕಡೆ ನೋಡು. ನಲ್ಲ. ಈ ಕಡೆ.

ಡಾಕ್ಟ್ರಮ್ಮ ನನ್ನ ಆಚೆ ಕರ್ಕೊಂಡು ಹೋಗಿ ಕೇಳಿದ್ರು. ನೋಡಮ್ಮ, ಇಷ್ಟು ಚಿಕ್ಕ ವಯಸ್ಸಿನ ಹುಡುಗನ ಶ್ವಾಸಕೋಶ ಸುಮ್ಮಸುಮ್ನೆ ತೂತಾಗಲ್ಲ. ಆಡೋವಾಗ ಬಿಗಿ ಹಿಡಿದ ಅಂತ್ಲೇ ಇಟ್ಕೊಳ್ಳೋಣ. ಆದ್ರೆ ಹಾರ್ಟು ಯಾಕೆ ಇಷ್ಟು ಜೋರಾಗಿ ಓಡ್ತೈತೆ? ಕಣ್ಣು ಪಾಪೆ ಯಾಕೆ ಇಷ್ಟು ಅಗಲ? ಏನೋ ತಿಂದವ್ನೆ. ಏನು ತಿಂದವ್ನೆ ಅಂತ ಹೇಳಿದ್ರೆ ಅದಕ್ಕೆ ತಕ್ಕ ಔಷಧಿ ಕೊಡ್ತೀನಿ, ಸುಳ್ಳು ಹೇಳಿದ್ರೆ ಅವನ ಎದೆಗೇ ಅಪಾಯ. ಇಂಗೆ ಅಂದ್ರು. ಕೋಪದಲ್ಲಿ ಅಲ್ಲ, ಮೆಲ್ಲಗೇ ಅಂದ್ರು. ಬೆನ್ನ ಮೇಲೆ ಕಂದಿದ ಗುರುತೈತಲ್ಲ, ಅದ್ಯಾರು ಒದ್ದಿದ್ದು ಅಂತಲೂ ಕೇಳಿದ್ರು.

ಆಟದಲ್ಲಿ ಬಿದ್ದ ಮೇಡಂ ಅಂದೆ.

ಮಾತ್ರೆ ವಿಷ್ಯಕ್ಕೆ, ಯಾರೋ ಫ್ರೆಂಡು ಏನೋ ಕೊಡ್ತಿದ್ನಂತೆ ಮೇಡಂ, ನಂಗೆ ಹೆಸರು ಗೊತ್ತಿಲ್ಲ ಅಂದೆ. ಲಕ್ಷ್ಮಣಪ್ಪ ಮಾವ ಪಕ್ಕದಲ್ಲೇ ಇದ್ದ. ಯಾವ ಫ್ರೆಂಡು ಅಂದ. ನಾನು... ಮುನಿಯಣ್ಣ ಇರ್ಬೇಕು ಅಂದೆ. ಇರ್ಬೇಕು ಅಂದಿದ್ದು ಕಣೋ. ಅವನೇ ಅನ್ಲಿಲ್ಲ. ಇರ್ಬೇಕು ಅಂದೆ. ಮಾವ ಅಷ್ಟಕ್ಕೇ ಪಂಚೆ ಎತ್ತಿ ಕಟ್ಕೊಂಡು ಹೊಂಟ.

ನೀವು ಹುಡುಗ್ರೇನು ಕಮ್ಮಿ ಇದ್ರಾ? ಬರೀ ಆಟಕ್ಕೆ ಅಂತ ತಿಂತಿದ್ರಾ ಮಾತ್ರೆ? ಸಂಜೆ ಕೆರೆ ಏರಿ ಮೇಲೆ ಕೂತ್ಕೊಂಡು ಸುಮ್ನೆ ಮಜಾಕ್ಕೆ ನುಂಗೋದು, ಎದೆ ಡಬಡಬ ಅಂದ್ರೆ ಒಬ್ಬರ ಎದೆ ಮೇಲೆ ಒಬ್ಬರು ಕಿವಿ ಇಟ್ಟು ನಗೋದು. ನೆಲಮಂಗಲದವರ್ಗೂ ಸೈಕಲ್ ತುಳ್ಕೊಂಡು ಹೋಗಿ ಬರೋದು, ಸುಸ್ತೇ ಇಲ್ಲ ಅಂತ. ಆ ಕಡೆ ಹೋಗೋರಿಗೆಲ್ಲ ಕೇಳ್ಸ್ತಿತ್ತು ನಿಮ್ಮ ನಗು. ಹಿಂದಿನ ತಿಂಗ್ಳು ಎದೆ ಚುಚ್ತೈತೆ ಅಂತ ಊಟ ಬಿಟ್ಟು ಎದ್ದೆ ನೀನು. ಗ್ಯಾಸು ಅಂದೆ ನಾನು. ಸೋಡಾ ತಂದ್ಕೊಟ್ಟೆ. ಕುಡ್ದೆ ನೀನು.

ಒಂದು ತಿಂದ್ರೆ ಸಾಕು ಅಂದಿದ್ದೆ. ಅರ್ಧ ಸಾಕು ಅಂದಿದ್ದೆ ಮೊದ್ಲ ದಿನ, ನೀನು...

ಅಂದ್ರೆ... ನಾನು ಅಂದಿದ್ದೆ ಅಂತ ಅಲ್ಲ. ಅಷ್ಟು ಸಾಕು ಅಂತ ಯಾರಾದ್ರೂ ಹೇಳ್ಬೇಕಿತ್ತು ನಿಂಗೆ. ಅದು ನಾನು ಹೇಳಿದ್ದು.

ಏನ್ ಚಿಕ್ಕಮುನಿಯಮ್ಮ, ವಾರ್ಡು ಒರ್ಸೋಕೆ ಬಂದ್ರಾ? ಬನ್ನಿ ಬನ್ನಿ, ಬಕೆಟ್ ಈ ಕಡೆಯಿಂದ ತಗೊಂಡೋಗಿ, ನಾನು ಕಾಲು ಎತ್ಕೋತೀನಿ. ಇವನಾ? ಚೆನ್ನಾಗವ್ನೆ ಆಯಮ್ಮ. ಎರಡು ದಿವ್ಸದಿಂದ ಮಾತಿಲ್ಲ ಕತೆಯಿಲ್ಲ, ಪಾಪ, ಡಾಕ್ಟ್ರಮ್ಮ ಬೇಡ ಅಂದವ್ರಲ್ಲ... ಏನಂದ್ರಿ? ಬೆಳಿಗ್ಗೆ ರೌಂಡ್ಸಲ್ಲೇ ಹೇಳಿದ್ರಾ? ಮೆಲ್ಲಗೆ ಮಾತಾಡ್ಬಹುದು ಅಂತ? ನಾನು ಟೀ ತರೋಕೆ ಹೋಗಿದ್ದೆ, ನಂಗೊತ್ತಾಗ್ಲಿಲ್ಲ. ನಿಮ್ಮ ಹತ್ರ ಮಾತಾಡಿದ್ನಾ? ಇವನಾ? ಏನ್ ಕೇಳ್ದ... ನೀರು. ನೀರು ಕೇಳಿದ್ನಾ. ಆಮೇಲೆ? ಮುನಿಯಣ್ಣ ಬಂದಿದ್ನಾ ಅಂತ ಕೇಳಿದ್ನಾ.

ಹೂಂ. ಸರಿ. ಆಯ್ತು ಆಯಮ್ಮ, ಹೋಗ್ಬನ್ನಿ.

ನಲ್ಲ.

ಬೆಳಿಗ್ಗೆಯಿಂದ ಮಾತಾಡ್ಬಹುದಿತ್ತಾ ನೀನು?

ನಾನು ಇಷ್ಟು ಹೊತ್ತು ಒಬ್ಳೇ ಒದರ್ತಿದ್ದೀನಿ... ಆಯಮ್ಮನ ಹತ್ರ ಬರೋ ಮಾತು ಅಕ್ಕನ ಹತ್ರ ಬರಲ್ವಾ? ಬೈಯೋ. ಏನಾದ್ರೂ ಬೈದ್ಬಿಡು. ಲೇ ಅಂಜಿನಿ ಅನ್ನು. ಇಂಗೆ ಸುಮ್ನೆ ಮಲಗಿ ನೋಡ್ಬೇಡ ನನ್ನ.

ಕೈ ಬಿಡು. ಯಾಕೆ ಹಿಡ್ಕೊಂಡೆ? ನಾಡಿ ನೋಡ್ತೀಯಾ, ದೊಡ್ಡ ಡಾಕ್ಟ್ರು. ಬಿಡೋ ಅಂದ್ರೆ...

ಓಡ್ತಾ ಐತೆ ಅಲ್ವಾ. ನಿಂದಕ್ಕಿಂತ ಜೋರು. ಗೊತ್ತು ನಂಗೆ. ಬೆಳಿಗ್ಗೆ ಬಾತ್ರೂಮಲ್ಲಿ ಒಂದು ಮಾತ್ರೆ ಹಾಕ್ಕೊಂಡೆ. ಹಾಕ್ಕೊಳ್ದೆ ಇದ್ರೆ ಎದ್ದು ನಿಲ್ಲೋಕೇ ಆಗ್ತಿರ್ಲಿಲ್ಲ. ಅದಕ್ಕೇ ಇಷ್ಟು ಮಾತು. ಅದಕ್ಕೇ ಹಸಿವಿಲ್ಲ. ನಿಂಗೆ ಮೊದ್ಲೇ ಗೊತ್ತಾಗಿತ್ತು, ಅಲ್ವಾ? ನಿಂಗೆ ಗೊತ್ತಾಗ್ದೇ ಇನ್ಯಾರಿಗೆ ಗೊತ್ತಾಗುತ್ತೆ.

ನಮ್ಮ ಕಂಪ್ನೀಲಿ ಎಲ್ಲ ಹೆಂಗಸ್ರೂ ತಿಂತಾರೆ ಕಣೋ. ದಪ್ಪಗಿರೋ ದೊಡ್ಡ ಮನೆ ಹೆಂಗಸ್ರು ಸಣ್ಣ ಆಗೋಕೆ ನುಂಗೋ ಮಾತ್ರೆ, ಅಲ್ಲಿ ನಾವು ಪ್ಯಾಕ್ ಮಾಡೋದು ಅದನ್ನೇ. ಪ್ಯಾಕಿಂಗಲ್ಲಿ ಒಡೆದಿದ್ದು, ಚೂರಾಗಿದ್ದು ಮಿಷಿನ್ ಕೆಳಗೆ ಬಿದ್ದಿರುತ್ತೆ. ಗುಡ್ಸಿ ಎಸೀಬೇಕು ಅದನ್ನ. ಮೊದ್ಲು ತಮಾಷೆಗೆ ತಿಂದ್ವು. ತಿಂದ್ರೆ ಎಷ್ಟು ನಿಂತ್ರೂ ಕಾಲು ನೋಯಲ್ಲ, ಎಲ್ರೂ ಜೋಕ್ ಹೊಡೀತಾ, ಹಾಡು ಹೇಳ್ತಾ... ಸಂಬಂಧ ತಪ್ಪಿದ್ದು, ಅವ್ವನ ಬೈಗುಳ, ಯಾವುದೂ ತಲೆಗೆ ಹತ್ತಲ್ಲ. ನಾನೂ ಒಬ್ಳು ಮನುಷ್ಯಳು ಅನ್ಸುತ್ತೆ. ಖುಷಿ ಕಣೋ, ಸುಳ್ಳು ಯಾಕೆ ಹೇಳ್ಲಿ. ಆ ಖುಷೀನ ನಿಂಗೂ ಸ್ವಲ್ಪ ಕೊಡಣ ಅನ್ನಿಸ್ತು. ನಿನ್ನ ಬಿಟ್ರೆ ನಂಗ್ಯಾರಿದ್ರು ಕೊಡೋಕೆ? ನೀನು ಮೊದ್ಲ ಮ್ಯಾಚು ಗೆದ್ದು ಬಂದು ನನ್ನ ಎತ್ಕೊಂಡು ತಿರುಗ್ಸಿದ್ಯಲ್ಲ, ಅವತ್ತಿಂದ ರವಿಕೆ ಒಳಗೆ ಇಟ್ಕೊಂಡು ಇನ್ನೂ ಜಾಸ್ತಿ ತರ್ತಾ ಹೋದೆ. ನಿಮ್ಮ ಹುಡುಗ್ರಿಗೆಲ್ಲ ಆಗೋವಷ್ಟು.

ನೀನು ಅವ್ರಿಗೂ ಹೇಳಿರ್ಲಿಲ್ಲ, ಎಲ್ಲಿಂದ ಬರುತ್ತೆ ಅಂತ. ಮುನಿಯಣ್ಣನಿಗೂ ಹೇಳಿಲ್ಲ. ಅದಕ್ಕೇ ಅವನು ಹೊಡೆತ ತಿಂದ್ರೂ ನಲ್ಲನ್ನ ಕೇಳಿ ಅಂತಿರೋದು.

ಏನು? ಇನ್ನೂ ಏನು? ಎಲ್ಲಾ ಹೇಳಿದ್ನಲ್ಲ. ಇನ್ನೂ ಯಾಕೋ ಅಂಗೇ ನೋಡ್ತೀಯ...

ಗ್ರೌಂಡಾ?

ಗ್ರೌಂಡಲ್ಲಿ... ಜನ ನನ್ನ ತಂದು ನಿಲ್ಸಿದಾಗ ನಾನು ಬಗ್ಗಿದೆ. ನೀನು ನನ್ ಕಿವೀಲಿ ಹೇಳ್ದೆ. ದನಿ ಮೂಗಲ್ಲಿ ಬರ್ತಿತ್ತು. ಅಕ್ಕಾ, ಉಳುಕಲ್ಲ ಕಣಕ್ಕಾ, ಮಾತ್ರೆ, ಇವತ್ತು ಜಾಸ್ತಿ ತಿಂದ್ಬಿಟ್ಟೆ, ಒದೀಬೇಡ ಅಂದೆ. ಕೇಳ್ಸ್ತು ನಂಗೆ. ಅಷ್ಟು ಗಲಾಟೇಲೂ ಕೇಳ್ಸ್ತು. ಹೇಳ್ದೆ ಇದ್ದಿದ್ರೂ ಗೊತ್ತಾಗ್ತಿತ್ತು, ನಂಗೂ ಅಂಗೇ ಎದೆ ಹಿಡ್ಕೊಂಡಿತ್ತಲ್ಲ, ಒಂದ್ಸಲ ಮಿಷಿನ್ ಹತ್ರ. ಸುತ್ತ ಅಷ್ಟು ಜನ. ಸೂಪರ್‌ವೈಸರ್ ಕೂಡ ಇದ್ದ, ಕ್ವಾರ್ಟರ್ಸಿನ ಹೆಂಗಸ್ರಿದ್ರು. ಮಾತ್ರೆ ಅಂತ ನೀನು ಇನ್ನೊಂದ್ಸಲ ಜೋರಾಗಿ ಅಂದ್ಬಿಟ್ರೆ ಅಂತ ಭಯ ಆಯ್ತು. ಒದ್ರೆ ಬಿಟ್ರೂ ಬಿಡುತ್ತೇನೋ ಅಂತಲೂ ಅನ್ನಿಸ್ತು ಕಣೋ, ದೇವ್ರಾಣೆ ಅನ್ನಿಸ್ತು. ಎಷ್ಟು ಜನಕ್ಕೆ ಬಿಟ್ಟೈತೆ.

ಸುಮ್ನಿರು ಅಂದೆ ನಾನು. ಬಾಯಿ ಮುಚ್ಕೊಂಡು ಸುಮ್ನಿರು ನಲ್ಲ ಅಂದೆ. ಅಂದು ಕಾಲು ಎತ್ತಿದೆ.

ಅವತ್ತಿಂದ ಸುಮ್ನಿದ್ದೀಯಾ.

ಡಾಕ್ಟ್ರಮ್ಮ ಅಲ್ಲ. ಟ್ಯೂಬಲ್ಲ. ನಾನು ಸುಮ್ನಿರು ಅಂದಿದ್ದಕ್ಕೆ. ಅವ್ರು ಏನು ತಿಂದೆ ಅಂತ ಎಷ್ಟು ಕೇಳಿದ್ರು ನಿನ್ನ. ಕೈಯಲ್ಲಾದ್ರೂ ತೋರಿಸ್ಬಹುದಿತ್ತಲ್ಲೋ. ಎದೆ ಅಷ್ಟು ಬಡ್ಕೋತಿದ್ರೂ... ಅಷ್ಟು ನಂಬ್ತೀಯೇನೋ ನನ್ನ?

ಮಾತಾಡೋ. ಈಗ ನಾನೇ ಹೇಳ್ತಿದ್ದೀನಿ, ಮಾತಾಡು.

ಬೂಟಿನ ಸದ್ದು. ಬಂದ್ರು ನೋಡು. ನಾಲ್ಕಾಯ್ತಾ ಆಗ್ಲೇ? ನೀನು ಏಳ್ಬೇಡ. ತಲೆ ಅಲ್ಲಾಡ್ಸ್ಬೇಡ. ಯಾವ ಕಡೆಗೂ ಅಲ್ಲಾಡ್ಸ್ಬೇಡ. ಕೈ ಬಿಡು ನನ್ನ, ನಾನು ಎದ್ದು ನಿಲ್ಬೇಕು. ಕೈ ಬಿಡೋ ನಲ್ಲ, ಎಲ್ಲೂ ಹೋಗಲ್ಲ ನಾನು.

ಇಲ್ಲೇ ಸಾರ್. ಇವನೇ ನಲ್ಲಪ್ಪ. ನಾನು ಅವರಕ್ಕ... ಅವನ್ನ ಏನೂ ಕೇಳ್ಬೇಡಿ ಸಾರ್, ಅವನು ಹೇಳಲ್ಲ. ಡಾಕ್ಟ್ರಮ್ಮನ್ನೂ ಒಂಚೂರು ಕರೀರಿ, ಅವ್ರಿಗೂ ಗೊತ್ತಾಗ್ಬೇಕು.

ಮುನಿಯಣ್ಣ ಅಲ್ಲ ಸಾರ್.